ಒಂದು ತೊಟ್ಟು ನೀಲಿ

ವಡಕ್ಕಾಂಚೇರಿ ರಸ್ತೆಯ ತಿರುವಿನಲ್ಲಿ ಆಟೋ ಕಾಣಿಸಿತು. ಅದರಿಂದ ಅರ್ಧ ಹೊರಗೆ ಚಾಚಿಕೊಂಡಿದ್ದ ರಟ್ಟಿನ ಪೆಟ್ಟಿಗೆಯೂ ಕಾಣಿಸಿತು. ಮೊಯ್ದುಣ್ಣಿ ಎದ್ದುಹೋಗಿ ತನ್ನ ಕಂಪ್ಯೂಟರ್ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದ. ಪೂರ್ತಿ ಎಳೆಯಲು ಮನಸ್ಸು ಬರಲಿಲ್ಲ. ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದವನು ಅವನ ನಿಕಾಹಿನ ಫೋಟೋ ತೆಗೆದವನು, ಅವನ ಬಾಪ್ಪಾ, ಅಂದರೆ ತಂದೆ, ಬದುಕಿದ್ದಾಗ ತೆಗೆಸಿಕೊಂಡ ಒಂದೇ ಒಂದು ಫೋಟೋ ತೆಗೆದವನು. ಅಂಥವನ ಮುಖದ ಮೇಲೆ ಬಾಗಿಲು ಹಾಕುವುದು ಹೇಗೆ? ಅರ್ಧ ಹಾಕಬಹುದು, ಅಷ್ಟೆ.

ಷಟರಿನ ಕೆಳಗೆ ಮೊದಲು ಪೆಟ್ಟಿಗೆ ನುಗ್ಗಿತು, ಹಿಂದೆಯೇ ಸೊಂಟ ಬಗ್ಗಿಸಿಕೊಂಡು ಅರವತ್ತಾರು ವರ್ಷದ ಚುಮ್ಮಾರ್.

"ಇದೂ ಹಳದಿ ಕಣೋ."

"ಚುಮ್ಮಾರೇಟ್ಟಾ, ಇದು ಮೂರನೇ ಮಾನಿಟರು."

"ಮೂರೂ ಹಳದಿ. ನಿನ್ನ ಕಂಪನಿಯವರು ಪರದೆನ ಅರಿಶಿನದ ನೀರಲ್ಲಿ ಅದ್ದಿ ಕಳಿಸ್ತಾರಾ? ಸುಳ್ಳು ಹೇಳ್ಬೇಡ, ಇದು ಡ್ಯೂಪ್ಲಿಕೇಟ್ ತಾನೇ?"

ಮೊಯ್ದುಣ್ಣಿಗೆ ಸಿಟ್ಟು ಬರಬೇಕಾಗಿತ್ತು, ನಗು ಬಂತು. "ಕುನ್ನಂಕುಳದವರ ಬಾಯಲ್ಲಿ ಈ ಮಾತಾ! ಮೀನು ಬಂದು ನೀರು ಒದ್ದೆ ಅಂತ ದೂರು ಕೊಟ್ಟ ಹಾಗಾಯ್ತು."

ನಕಲಿ ಮಾಲು ಅನ್ನುವುದಕ್ಕೆ ಕೇರಳದ ಉದ್ದಗಲಕ್ಕೂ ನಮ್ಮೂರು ಕುನ್ನಂಕುಳದ ಹೆಸರನ್ನೇ ಬಳಸುತ್ತಾರೆ. ಯಾವ ಕಾಲದಲ್ಲಿ ಯಾವ ಪುಣ್ಯಾತ್ಮ ಏನು ಮಾಡಿದನೋ ತಿಳಿಯದು. ಇವತ್ತಿಗೂ ತಿರುವನಂತಪುರದಲ್ಲಿ ಒಂದು ಕೈಗಡಿಯಾರ ಕೆಟ್ಟರೆ ನಾವು ತಲೆ ತಗ್ಗಿಸಬೇಕು. ಆದ್ದರಿಂದ ನಮ್ಮೂರಿನವರು ಯಾವ ವಸ್ತು ಕೊಂಡರೂ ಮೊದಲು ಅನುಮಾನಿಸುವುದು ಅದರ ಹುಟ್ಟನ್ನು. ತಮ್ಮನ್ನು ಅನುಮಾನಿಸುವುದು ಪಟ್ಟಿಯ ಕೊನೆಗೆ, ಅದೂ ಪಟ್ಟಿಯಲ್ಲಿ ಜಾಗ ಉಳಿದಿದ್ದರೆ.

ಮೊಯ್ದುಣ್ಣಿ ಪೆಟ್ಟಿಗೆ ಬಿಚ್ಚಿ, ಮಾನಿಟರನ್ನು ಮೇಜಿನ ಮೇಲೆ ನಿಲ್ಲಿಸಿ, ಪರದೆಯ ತುಂಬ ಬರೀ ಬಿಳಿ ತಂದಿಟ್ಟ. ಬಣ್ಣ ಅಳೆಯುವ ಪುಟ್ಟ ಯಂತ್ರವೊಂದನ್ನು ಪರದೆಯ ಮೇಲೆ ಹಲ್ಲಿಯಂತೆ ಅಂಟಿಸಿದ. ಅದು ಎರಡು ನಿಮಿಷ ಯೋಚಿಸಿ, ಎಲ್ಲ ಸರಿಯಾಗಿದೆ ಎಂದು ಹಸಿರು ಗೆರೆ ತೋರಿಸಿತು.

"ಯಂತ್ರಾನೂ ನಿನ್ನ ಕಡೆಯದೇ" ಅಂದ ಚುಮ್ಮಾರ್.

ಅಷ್ಟರಲ್ಲಿ ಲೋಟಗಳ ತಟ್ಟೆ ಹಿಡಿದು ಚಹಾದವನು ಬಂದ. ಮೊಯ್ದುಣ್ಣಿ ಅವನನ್ನೇ ನ್ಯಾಯಕ್ಕೆ ಕರೆದ. "ಇಲ್ನೋಡು, ಇದು ಯಾವ ಬಣ್ಣ?"

"ಬಿಳಿ" ಅಂದ ಚಹಾದವನು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

"ದಿನಾ ಹಾಲಿಗೆ ನೀರು ಬೆರೆಸೋನಿಗೆ ಬಿಳುಪು ಏನು ಗೊತ್ತು?" ಎಂದು ಚುಮ್ಮಾರ್ ಕೈಚೀಲದಿಂದ ಒಂದು ಮಡಿಸಿದ ಮುಂಡು, ಬಿಳಿ ಪಂಚೆ, ತೆಗೆದು ಪರದೆಯ ಪಕ್ಕ ಹಿಡಿದ. ಅದು ಅವನ ತೀರಿಹೋದ ತಾಯಿಯ ಮುಂಡು. ಬಿಳುಪೆಂದರೆ ಏನು ಎಂದು ಯಾರಿಗಾದರೂ ತೋರಿಸಬೇಕಾದಾಗ ಅವನು ಹೊರತೆಗೆಯುತ್ತಿದ್ದ ಸಾಕ್ಷಿ ಅದು. ಪರದೆ ನೋಡಿದ, ಮುಂಡು ನೋಡಿದ, ಮತ್ತೆ ಪರದೆ ನೋಡಿದ. ಎರಡೂ ಒಂದೇ ತೆರನಾಗಿ ಹಳದಿಯಾಗಿದ್ದವು. "ನಿನ್ನ ಅಂಗಡಿಯ ದೀಪಾನೂ ಸರಿಯಿಲ್ಲ" ಎಂದು ಮುಂಡನ್ನು ಮಡಿಸಿ ಚೀಲಕ್ಕೆ ತುರುಕಿದ.

ಬಿಳುಪಿನ ವಿಷಯದಲ್ಲಿ ಅವನಿಗೆ ಇಷ್ಟು ಜಂಬ ಎಲ್ಲಿಂದ ಬಂತೆಂದು ಹೇಳಬೇಕಾದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅವನ ಅಪ್ಪ ನೋಟುಬುಕ್ಕು ಹೊಲಿಯುವವನು. ನಮ್ಮೂರಿನ ಅರ್ಧ ಜನರ ಕಸುಬು ಅದೇ ಆಗಿತ್ತು. ಚುಮ್ಮಾರ್ ಹತ್ತನೇ ತರಗತಿಯ ಪರೀಕ್ಷೆಗೆ ಫೋಟೋ ತೆಗೆಸಿಕೊಳ್ಳಲು ಒಂದು ಸ್ಟುಡಿಯೊಗೆ ಹೋದ. ಫೋಟೋ ಬಂತು, ಅವನು ಮನೆಗೆ ಬರಲಿಲ್ಲ. ಕತ್ತಲೆ ಕೋಣೆಯ ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಲ್ಲಿ ಖಾಲಿ ಕಾಗದದೊಳಗಿಂದ ಮುಖ ಎದ್ದು ಬರುವುದನ್ನು ಒಮ್ಮೆ ನೋಡಿದವನಿಗೆ ನೋಟುಬುಕ್ಕಿನ ಗೆರೆಗಳ ಮೇಲೆ ಮನಸ್ಸು ನಿಲ್ಲುವುದುಂಟೆ? ಕಲಿತ ಮೇಲೆ ಅವನು ಮೊದಲು ಫೋಟೋ ತೆಗೆದದ್ದು ತಾಯಿ ತಾಂಡಮ್ಮನದು. ಬಿಳಿ ರವಿಕೆ, ಹಿಂದೆ ಬೀಸಣಿಗೆಯಂತೆ ನೆರಿಗೆ ಬಿಟ್ಟ ಬಿಳಿ ಮುಂಡು, ನಮ್ಮ ಹಳೆಯ ಕ್ರೈಸ್ತ ಹೆಂಗಸರು ಸಾಯುವವರೆಗೂ ಉಟ್ಟ ಉಡುಪು. ತಾಂಡಮ್ಮ ಫೋಟೋ ಹಿಡಿದು ನೋಡಿ ಮುಖ ಸಿಂಡರಿಸಿದಳು.

"ಇದೇನೋ ಇದು, ಒಲೆ ಬೂದಿಯಲ್ಲಿ ಹೊರಳಾಡಿ ಬಂದೋಳ ಹಾಗಿದೀನಿ! ಕೊನೇ ನೀರಿಗೆ ಒಂದು ತೊಟ್ಟು ನೀಲಿ ಹಾಕ್ಬಾರದಾ?"

ಅವಳು ಹೇಳಿದ್ದು ಬಟ್ಟೆ ಒಗೆಯುವ ಲೆಕ್ಕದಲ್ಲಿ. ಮಗ ಅದನ್ನು ಫೋಟೋ ತೊಳೆಯುವ ಲೆಕ್ಕದಲ್ಲಿ ಕೇಳಿಸಿಕೊಂಡ. ಮರುದಿನ ಮನೆಯಿಂದ ನೀಲಿಯ ಶೀಶೆ ಕದ್ದು ತಂದು, ಕೊನೆಯ ತಟ್ಟೆಯ ನೀರಿಗೆ ಒಂದೇ ಒಂದು ತೊಟ್ಟು ಬಿಟ್ಟ. ತಾಯಿಯ ಮುಂಡು ಕಾಗದದ ಮೇಲೆ ಬೆಳಗಿತು. ಆ ಗುಟ್ಟನ್ನು ಅವನು ಗುರುವಿಗೂ ಹೇಳಲಿಲ್ಲ. ಮುಂದೆ ಬಸ್‌ಸ್ಟ್ಯಾಂಡಿನ ಬಳಿ 'ಮಿನ್ನಲ್ ಸ್ಟುಡಿಯೊ' ಅಂತ ತನ್ನದೇ ಬೋರ್ಡು ಹಾಕಿದಾಗ ಊರಿನ ಅಜ್ಜಿಯರೆಲ್ಲ ಕೊನೆಯ ಫೋಟೋ ತೆಗೆಸಿಕೊಳ್ಳಲು ಅಲ್ಲಿಗೇ ಬಂದರು. ಚುಮ್ಮಾರನ ಕೈಯಲ್ಲಿ ಫೋಟೋ ತೆಗೆಸಿಕೊಂಡು ಸತ್ತರೆ ಸ್ವರ್ಗದ ಬಾಗಿಲಲ್ಲಿ ಹೆಸರು ಕೇಳುವುದಿಲ್ಲ, ಬಟ್ಟೆ ನೋಡಿಯೇ ಒಳಗೆ ಬಿಡುತ್ತಾರೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅದನ್ನು ಅವನು ನಂಬಿದ್ದನೋ ಇಲ್ಲವೋ, ಅಲ್ಲಗಳೆಯಲಂತೂ ಹೋಗಲಿಲ್ಲ.

ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು, ಫೋನಿನೊಳಗೆ ಕ್ಯಾಮೆರಾ ಬಂತು. ಮಿನ್ನಲ್ ಸ್ಟುಡಿಯೊ ಇದ್ದ ಜಾಗದಲ್ಲಿ ಈಗ ಫೋನಿಗೆ ಹೊದಿಕೆ ಮಾರುತ್ತಾರೆ. ಚುಮ್ಮಾರ್ ಮನೆಯ ಮುಂದಿನ ಕೋಣೆಯಲ್ಲಿ, ಹೆಂಡತಿ ಎಲ್ಸಿಯ ಹೊಲಿಗೆ ಯಂತ್ರದ ಪಕ್ಕ ಒಂದು ಕಂಪ್ಯೂಟರ್ ಹಾಕಿಕೊಂಡು ಕೂತ. ಬೇರೆಯವರು ತೆಗೆದ ಮದುವೆ ಫೋಟೋಗಳಿಗೆ ಬಣ್ಣ ಸರಿಮಾಡಿ ಆಲ್ಬಮ್ ಕಟ್ಟುವ ಕೆಲಸ. ಗುರುವಾಯೂರು ಕೂಗಳತೆಯಲ್ಲಿರುವಾಗ ಮದುವೆಗೆ ಬರವೇ? ಮುಹೂರ್ತದ ದಿನ ಅಲ್ಲಿ ಒಂದು ಜೋಡಿ ಮಂಟಪ ಇಳಿಯುವ ಮುಂಚೆ ಇನ್ನೊಂದು ಜೋಡಿ ಹತ್ತಿರುತ್ತದೆ. ಆ ನೂಕುನುಗ್ಗಲಿನಲ್ಲಿ ಮೊಣಕೈ ಬೀಸಿ ಜಾಗ ಮಾಡಿಕೊಂಡು ಫೋಟೋ ತೆಗೆಯುವ ಷಿಜಿ ಎಂಬ ಗಟ್ಟಿಗಿತ್ತಿ ತನ್ನ ಕೆಲಸವನ್ನೆಲ್ಲ ಚುಮ್ಮಾರನಿಗೇ ಕೊಡುತ್ತಿದ್ದಳು. ಅವನಿಗೆ ಈಗ ಉಳಿದಿದ್ದ ಗಿರಾಕಿ ಎಂದರೆ ಅವಳೊಬ್ಬಳೇ.

ತೊಂದರೆ ಶುರುವಾದದ್ದು ಒಂದು ಸೀರೆಯಿಂದ. ಇಂದುಜಾ ಎಂಬ ಹುಡುಗಿ ತನ್ನ ಮದುವೆಗೆ ಅಜ್ಜಿಯ ಧಾರೆ ಸೀರೆ ಉಟ್ಟಿದ್ದಳು. ಚಿನ್ನದಂಚಿನ ಕೋರಾ ಸೀರೆ, ಮಗ್ಗದಿಂದ ಇಳಿದಾಗ ಯಾವ ಕೆನೆ ಬಣ್ಣವಿತ್ತೋ ಅದೇ ಬಣ್ಣದ್ದು. ಕೋರಾಕ್ಕೆ ನೀಲಿ ಹಾಕಬಾರದು, ಹಾಕಿದರೆ ಸೀರೆ ಕೆಟ್ಟಿತು. ಇದು ನಮ್ಮ ಕಡೆ ನಡೆಯಲು ಕಲಿಯುವ ಮಕ್ಕಳಿಗೂ ಗೊತ್ತು. ಆಲ್ಬಮ್ ಕೈಸೇರಿದ ದಿನವೇ ಹುಡುಗಿಯ ತಾಯಿ ಷಿಜಿಗೆ ಫೋನು ಮಾಡಿ, "ನಮ್ಮಮ್ಮ ಅರವತ್ತಾರು ವರ್ಷ ಒಂದು ತೊಟ್ಟು ನೀಲಿ ಸೋಕಿಸದೆ ಕಾಪಾಡಿದ ಸೀರೆ ಅದು. ನೀವು ಬಿಂದಿಗೆಗಟ್ಟಲೆ ಸುರಿದಿದೀರಲ್ಲ! ನನ್ನ ಮಗಳು ಮದುವೆ ಮಂಟಪದಲ್ಲಿದಾಳೋ ಈಜುಕೊಳದಲ್ಲಿದಾಳೋ?" ಎಂದು ಕೇಳಿದಳು.

ಚುಮ್ಮಾರ್ ಸರಿಮಾಡಿಕೊಟ್ಟ. ಪರದೆಯ ಮೇಲೆ ಸೀರೆ ಅವನಿಗೆ ಇನ್ನೂ ಹಳದಿಯಾಗಿಯೇ ಕಂಡದ್ದರಿಂದ ಮತ್ತಷ್ಟು ನೀಲಿ ಬೆರೆಸಿದ. ಎರಡನೆಯ ಸಲ ಷಿಜಿ ಆಲ್ಬಮನ್ನು ತಾನೇ ಹೊತ್ತು ತಂದು ಮೇಜಿನ ಮೇಲೆ ಇಟ್ಟಳು.

"ಚುಮ್ಮಾರೇಟ್ಟಾ, ಬರೋ ತಿಂಗಳು ಆ ಅಜ್ಜಿಗೆ ಎಂಬತ್ತನಾಲ್ಕು ತುಂಬತ್ತೆ. ಸಾವಿರ ಹುಣ್ಣಿಮೆ ಕಂಡ ಶಾಂತಿ ಮಾಡ್ತಾರೆ. ಆ ದಿನ ಅವರ ಕೈಗೆ ಈ ಆಲ್ಬಮ್ ಕೊಡ್ಬೇಕು ಅಂತ ಮನೆಯವರ ಆಸೆ. ಇನ್ನೊಂದು ಸಲ ತಪ್ಪಿದ್ರೆ ನಾನು ತೃಶ್ಶೂರಿನ ಲ್ಯಾಬಿಗೆ ಕೊಡ್ತೀನಿ. ಇದೊಂದೇ ಅಲ್ಲ, ಎಲ್ಲಾನೂ. ಬೇಜಾರು ಮಾಡ್ಕೋಬೇಡಿ. ನಿಮ್ಮ ನೀಲಿ ಕುಡಿದು ನಾನು ಸಂಸಾರ ಮಾಡಕ್ಕಾಗಲ್ಲ."

ಅವಳು ಹೋದಮೇಲೆ ಚುಮ್ಮಾರ್ ಲೆಕ್ಕ ಹಾಕಿದ. ಗಿರಾಕಿ ಹೋದರೆ ಹೋಗಲಿ, ಮುದುಕರ ಪಿಂಚಣಿಯೆಂದು ಅಷ್ಟೋ ಇಷ್ಟೋ ಬರುತ್ತದೆ, ಗಂಜಿಗೆ ತೊಂದರೆಯಿಲ್ಲ. ಆದರೆ ಚುಮ್ಮಾರನಿಗೆ ಬಿಳುಪು ತಿಳಿಯುವುದಿಲ್ಲ ಎಂದು ಊರು ಆಡಿಕೊಂಡರೆ ಮತ್ತೆ ಅವನ ಬಳಿ ಏನು ಉಳಿಯಿತು? ಜೀವಮಾನದಲ್ಲಿ ಅವನು ಕಲಿತದ್ದು ಅದೊಂದೇ. ಕೊನೆಗೆ ಅವನ ಕಣ್ಣು ಹನ್ನೊಂದು ವರ್ಷದ ಹಳೆಯ ಮಾನಿಟರಿನ ಮೇಲೆ ಬಿತ್ತು. ಅಪರಾಧಿ ಸಿಕ್ಕಿಬಿದ್ದ.

"ಮಾನಿಟರ್ ಬದಲಾಯಿಸ್ಬೇಕು" ಅಂದ.

"ಮೊದ್ಲು ಕಣ್ಣು ತೋರಿಸ್ಕೊಂಡು ಬನ್ನಿ" ಅಂದಳು ಎಲ್ಸಿ, ಹೊಲಿಗೆಯಿಂದ ತಲೆ ಎತ್ತದೆ. "ನಿನ್ನೆ ಸಾರಿಗೆ ಉಪ್ಪು ಅಂತ ಸಕ್ಕರೆ ಹಾಕಿದ್ರಿ."

"ಅದು ನಾಲಿಗೆ ವಿಷಯ."

"ಡಬ್ಬ ನೋಡೋದು ನಾಲಿಗೇಲಾ?"

ಚುಮ್ಮಾರ್ ಚಪ್ಪಲಿ ಮೆಟ್ಟಿಕೊಂಡು ಮಾನಿಟರ್ ಕೊಳ್ಳಲು ಹೊರಟ. ಮೊದಲನೆಯದು ಸಾಧಾರಣದ್ದು. ಎರಡನೆಯದು ಫೋಟೋ ಕೆಲಸಕ್ಕೆಂದೇ ಮಾಡಿದ್ದು ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಮೂರನೆಯದು ಎಷ್ಟು ಅಗಲವಿತ್ತೆಂದರೆ ಹೊಲಿಗೆ ಯಂತ್ರವನ್ನು ಹಿತ್ತಲ ಜಗಲಿಗೆ ಸಾಗಿಸಬೇಕಾಯಿತು, ಎಲ್ಸಿ ಎರಡು ದಿನ ಮಾತು ಬಿಟ್ಟಳು. ಮೂರೂ ಹಳದಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚುಮ್ಮಾರ್ ಮೂರು ಮೂರು ನೆಲ ಬದಲಾಯಿಸಿ ನೋಡಿದ.

ಮೂರನೆಯದನ್ನು ಮೊಯ್ದುಣ್ಣಿಯ ಬಳಿ ಬಿಟ್ಟು ಮನೆಗೆ ಬಂದವನು ತಾಯಿಯ ಮುಂಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಂಗಡಿಯ ದೀಪದ ತಪ್ಪಲ್ಲ, ಮುಂಡೇ ಹಳದಿಯಾಗಿದೆ.

"ಎಲ್ಸೀ, ಅಮ್ಮನ ಮುಂಡನ್ನ ಹೀಗಾ ಇಟ್ಕೊಳ್ಳೋದು? ನೋಡು, ಅರಿಶಿನದ ಕೊಂಬಿನ ಹಾಗಾಗಿದೆ!"

"ಬೆಳ್ಳಗೇ ಇದೆಯಲ್ಲ. ಈಸ್ಟರಿಗೆ ಒಗೆದು ಇಟ್ಟಿದ್ದು ನಾನೇ."

"ನಿನಗೆ ಕಾಣ್ಸಲ್ಲ."

ಈ ಮಾತನ್ನು ಯಾರು ಯಾರಿಗೆ ಹೇಳಿದರೆಂಬುದನ್ನು ಎಲ್ಸಿ ಮುಂದೆ ತಿಂಗಳುಗಟ್ಟಲೆ ಬಂದುಹೋದವರಿಗೆಲ್ಲ ಹೇಳಿ ನಕ್ಕಳು. ಆ ಹೊತ್ತಿಗೆ ಕೊಡೆ ಎತ್ತಿಕೊಂಡು ಹೆಂಗಸರ ಸಂಘದ ಸಭೆಗೆ ಹೋದಳು. ಚುಮ್ಮಾರ್ ಬಾವಿಕಟ್ಟೆಗೆ ಹೋಗಿ ಬಕೆಟ್ಟಿಗೆ ನೀರು ಸೇದಿ, ನೀಲಿಯ ಶೀಶೆ ತಂದು ಒಂದು ತೊಟ್ಟು ಬಿಟ್ಟು ಮುಂಡು ಅದ್ದಿದ. ಹಳದಿ. ಹತ್ತು ತೊಟ್ಟು ಬಿಟ್ಟ. ಹಳದಿ. ಶೀಶೆಯನ್ನು ಬೋರಲು ಹಾಕಿದ. ಆಗ ಸ್ವಲ್ಪ ಗೆಲುವು ಬಂದಂತೆ ಕಂಡಿತು. ಇಷ್ಟು ನೀಲಿ ವ್ಯರ್ಥ ಮಾಡುವುದೇಕೆಂದು ಅದೇ ನೀರಿಗೆ ತನ್ನ ಭಾನುವಾರದ ಮುಂಡನ್ನೂ ಅಂಗಿಯನ್ನೂ ಅದ್ದಿ, ಹಿಂಡಿ, ಯಾರಿಗೂ ಕಾಣದಂತೆ ಮಹಡಿಯ ಮೇಲೆ ಒಣಗಿಸಿ, ತಾನೇ ಇಸ್ತ್ರಿಯನ್ನೂ ಮಾಡಿಟ್ಟ.

ಭಾನುವಾರ ಎಲ್ಸಿ ಮಕ್ಕಳಿಗೆ ಬೈಬಲ್ ಪಾಠ ಹೇಳಲು ಬೇಗನೇ ಹೋಗಿದ್ದಳು. ಚುಮ್ಮಾರ್ ಹೊಸದಾಗಿ ಬಿಳುಪೇರಿದ ಉಡುಪು ಧರಿಸಿ ಚರ್ಚಿಗೆ ಹೊರಟ. ಗಂಡಸರ ಕಡೆ ಸಾಲುಸಾಲಾಗಿ ನಿಂತವರ ಮುಂಡುಗಳನ್ನು ನೋಡಿ ಅವನಿಗೆ ಕನಿಕರವೇ ಆಯಿತು. ಒಬ್ಬೊಬ್ಬರದೂ ಒಂದೊಂದು ಹಳದಿ. ಈ ಊರಿನಲ್ಲಿ ನೀಲಿ ಹಾಕಲು ಬಲ್ಲ ಹೆಂಗಸರೇ ಸತ್ತುಹೋದರೆ? ಇಷ್ಟು ಜನರ ನಡುವೆ ತಾನೊಬ್ಬನೇ ಬೆಳ್ಳಗಿದ್ದೇನೆಂದು ಅವನಿಗೆ ಹೆಮ್ಮೆಯಾಗಿ, ಯಾವಾಗಲೂ ಹಿಂದೆ ನಿಲ್ಲುವವನು ಅವತ್ತು ಎಲ್ಲರಿಗೂ ಕಾಣುವಂತೆ ಮುಂದಿನ ಸಾಲಿಗೆ ಹೋಗಿ ನಿಂತ. ಹಿಂದೆ ಯಾರೋ ಕೆಮ್ಮಿದರು. ಹೆಂಗಸರ ಕಡೆ ಎಲ್ಸಿ ತಲೆಯ ಮೇಲಿನ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಪೂಜೆ ಮುಗಿಯುವವರೆಗೂ ಚುಮ್ಮಾರ್ ಬಹಳ ಭಕ್ತಿಯಿಂದ, ಎದೆ ಸೆಟೆಸಿ ನಿಂತಿದ್ದ.

ಹೊರಬರುವಾಗ ಗಂಟೆ ಹೊಡೆಯುವ ಪಾವುಣ್ಣಿ ಹತ್ತಿರ ಬಂದ. ಇಬ್ಬರೂ ಒಟ್ಟಿಗೆ ಓದಿದವರು, ಒಟ್ಟಿಗೆ ಫೇಲಾದವರು.

"ಚುಮ್ಮಾರೇ, ಯಾವ ಪಾರ್ಟಿ ಸೇರಿದ್ಯೋ?"

"ಯಾಕೆ?"

"ಬಾವುಟ ಸುತ್ಕೊಂಡು ಬಂದಿದೀಯಲ್ಲ. ಮಂಡಿ ನೀಲಿ, ಬೆನ್ನು ನೀಲಿ, ಆಕಾಶ ಕಳಚಿ ಬಿದ್ದ ಹಾಗಿದೀಯ."

"ಇದು ಬಿಳಿ ಕಣೋ!"

ಪಾವುಣ್ಣಿ ತನ್ನ ಮುಂಡಿನ ಅಂಚನ್ನು ಎತ್ತಿ ಚುಮ್ಮಾರನ ಮುಂಡಿನ ಅಂಚಿಗೆ ತಾಗಿಸಿ ಹಿಡಿದ. ಎರಡೂ ಬೇರೆಬೇರೆ ಎಂಬುದು ಚುಮ್ಮಾರನಿಗೂ ಕಂಡಿತು. ಯಾವುದು ಬಿಳಿ ಎಂಬುದು ಮಾತ್ರ ಕಾಣಲಿಲ್ಲ. ಸುತ್ತ ನೋಡಿದ. ಎಲ್ಲರೂ ನಗು ತಡೆದುಕೊಂಡಿದ್ದರು, ಒಬ್ಬರಾದರೂ ಪಾವುಣ್ಣಿಯ ಮಾತಿಗೆ ಅಡ್ಡ ಬರಲಿಲ್ಲ. ಆಗ ಅವನಿಗೆ ನಿಜವಾಗಿ ಭಯವಾಯಿತು. ಮಾನಿಟರಾದರೆ ಕಂಪನಿಯನ್ನು ಬೈಯಬಹುದು, ಮೊಯ್ದುಣ್ಣಿಯನ್ನು ಬೈಯಬಹುದು. ಮುಂಡಿಗೆ ಕಂಪನಿಯಿಲ್ಲ, ಡ್ಯೂಪ್ಲಿಕೇಟಿಲ್ಲ. ತಾನೇ ಸೇದಿದ ನೀರು, ತಾನೇ ಸುರಿದ ನೀಲಿ.

ಮನೆಗೆ ಬಂದವನೇ ಹಳೆಯ ಮಾನಿಟರನ್ನು ಎತ್ತಿ, ಅದರ ಕಾಲಿನ ಕೆಳಗೆ ಅಲುಗಾಡದಿರಲೆಂದು ಇಟ್ಟಿದ್ದ ಮಡಿಸಿದ ಕಾಗದವನ್ನು ತೆಗೆದು ಎಲ್ಸಿಯ ಮುಂದೆ ಹಿಡಿದ. ಕಳೆದ ವರ್ಷ ವಾಚನಾಲಯದಲ್ಲಿ ಉಚಿತ ಕಣ್ಣಿನ ಶಿಬಿರ ನಡೆದಾಗ ಕೊಟ್ಟ ಚೀಟಿ. ಎರಡೂ ಕಣ್ಣಿಗೆ ಪೊರೆ ಬರುತ್ತಿದೆ, ಬೇಗ ಬಂದು ತೋರಿಸಿ ಎಂದು ಅದರಲ್ಲಿ ಬರೆದಿತ್ತು.

ಎಲ್ಸಿ ಓದಿದಳು. ಬೈಗುಳಕ್ಕೆ ತಯಾರಾಗಿ ಅವನು ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ.

"ಒಂದು ವರ್ಷದಿಂದ ಇದು ಮಾನಿಟರ್ ಕಾಲಡೀಲಿತ್ತಾ?"

"ಹೂಂ."

"ಮತ್ತೆ ಅದು ಸರಿಯಾಗಿ ನಿಂತಿತ್ತಾ?"

"ಅಲುಗಾಡ್ತಾ ಇರ್ಲಿಲ್ಲ."

"ಹಾಗಾದ್ರೆ ಡಾಕ್ಟರ ಚೀಟಿಯಿಂದ ಅಷ್ಟಾದ್ರೂ ಉಪಯೋಗ ಆಯ್ತು" ಎಂದು ಎಲ್ಸಿ ಒಳಗೆ ಹೋಗಿ, ಬಾಗಿಲ ಹಿಂದೆ ನಿಂತು ಒಂದಿಷ್ಟು ಹೊತ್ತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು ಆಸ್ಪತ್ರೆಗೆ ಫೋನು ಮಾಡಿದಳು.

ಮೊದಲು ಬಲಗಣ್ಣು. ಶಸ್ತ್ರಚಿಕಿತ್ಸೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಮಾನಿಟರ್ ಆರಿಸಲು ಇದರ ಸಾವಿರ ಪಟ್ಟು ಹೊತ್ತು ಹಿಡಿದಿತ್ತು. ಮರುದಿನ ಬೆಳಿಗ್ಗೆ ಕಣ್ಣಿನ ಪಟ್ಟಿ ಬಿಚ್ಚಿದಾಗ ಅವನಿಗೆ ಮೊದಲು ಕಂಡದ್ದು ಗೋಡೆ. ಗೋಡೆಯಷ್ಟು ಸುಂದರವಾದದ್ದನ್ನು ಅವನು ವರ್ಷಗಳಿಂದ ನೋಡಿರಲಿಲ್ಲ. ಬಲಗಣ್ಣು ಮುಚ್ಚಿದರೆ ಗೋಡೆ ಚಹಾದಲ್ಲಿ ಅದ್ದಿದಂತೆ, ಎಡಗಣ್ಣು ಮುಚ್ಚಿದರೆ ಹಾಲಿನಂತೆ. ಮಗುವಿನ ಹಾಗೆ ಒಂದಾದ ಮೇಲೊಂದು ಕಣ್ಣು ಮಿಟುಕಿಸುತ್ತ ಕೂತ. ನರ್ಸ್ ತಪ್ಪು ತಿಳಿದು ಹೊರಗೆ ಹೋದಳು. ಆಮೇಲೆ ಎಲ್ಸಿ ಬಂದಳು.

"ಎಲ್ಸೀ! ನಿನ್ನ ಕೂದಲಿಗೆ ಏನಾಯ್ತು?"

"ಏನಾಗ್ಬೇಕು?"

"ಪೂರ್ತಿ ಬೆಳ್ಳಗಾಗಿದೆ!"

"ಎರಡು ವರ್ಷ ಆಯ್ತು ಬಣ್ಣ ಹಚ್ಚೋದು ಬಿಟ್ಟು. ನೀವು ಒಂದು ಮಾತೂ ಆಡ್ಲಿಲ್ಲ. ಎಂಥ ಒಳ್ಳೆ ಗಂಡ, ಹೆಂಡ್ತಿಗೆ ವಯಸ್ಸಾದ್ರೂ ಎತ್ತಿ ಆಡೋದಿಲ್ಲ ಅಂತ ಸಂಘದಲ್ಲೆಲ್ಲ ಹೇಳ್ಕೊಂಡು ಬಂದಿದೀನಿ."

ಇದ್ದ ಒಂದು ಒಳ್ಳೆಯ ಹೆಸರೂ ಕಣ್ಣಿನ ಪೊರೆಯದ್ದೇ ಎಂದು ಚುಮ್ಮಾರನಿಗೆ ಆಗ ತಿಳಿಯಿತು.

ಮನೆಗೆ ಬಂದು ಎರಡು ವಾರ ಹನಿ ಔಷಧಿ ಹಾಕಿಸಿಕೊಂಡು, ಒಂದು ಮಧ್ಯಾಹ್ನ ಹಳೆಯ ಮಾನಿಟರನ್ನೇ ಹಚ್ಚಿದ. ಬಿಳಿ. ಹನ್ನೊಂದು ವರ್ಷದ ಆ ಮುದುಕ ಸ್ವಲ್ಪ ಮಂಕಾಗಿತ್ತು ಅನ್ನುವುದು ಬಿಟ್ಟರೆ ಬಣ್ಣದಲ್ಲಿ ಒಂದು ತಪ್ಪಿಲ್ಲ. ಕಳೆದ ವರ್ಷದ ಆಲ್ಬಮುಗಳನ್ನು ಒಂದೊಂದಾಗಿ ತೆರೆದ. ಒಬ್ಬೊಬ್ಬ ಮದುಮಗಳೂ ಬಾವಿಗೆ ಬಿದ್ದು ಈಗಷ್ಟೇ ಎತ್ತಿಸಿಕೊಂಡು ಬಂದವಳಂತಿದ್ದಳು. ನೋಡನೋಡುತ್ತ ಅವನಿಗೆ ನಗು ಬಂತು, ನಗುತ್ತಲೇ ಅಳುವೂ ಬಂತು. ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರ್ ಹೇಳಿದ್ದರಿಂದ ಎರಡನ್ನೂ ನಿಲ್ಲಿಸಿದ.

ಆದರೂ ಮೊಯ್ದುಣ್ಣಿಯ ಅಂಗಡಿಗೆ ಹೋಗಿ ಒಂದು ಮಾನಿಟರ್ ಕೊಂಡ. ಮಾಡಿದ ನಾಚಿಕೆಗೇಡಿಗೆ ಅಷ್ಟಾದರೂ ತೆರಬೇಕಲ್ಲ. ಷಟರ್ ಈ ಸಲ ಪೂರ್ತಿ ತೆರೆದಿತ್ತು. ಸಾಲಾಗಿ ಇಟ್ಟಿದ್ದ ಐದಾರು ಪರದೆಗಳನ್ನು ಬಲಗಣ್ಣಿನಲ್ಲಿ ನೋಡುತ್ತ ಹೋಗಿ ಒಂದರ ಮುಂದೆ ನಿಂತ.

"ಇದು. ಇದರ ಬಿಳುಪು ನೋಡೋ, ಇದು ಬಿಳುಪು! ಇದನ್ನ ಮೊದ್ಲೇ ಯಾಕೆ ತೋರಿಸ್ಲಿಲ್ಲ?"

ಮೊಯ್ದುಣ್ಣಿ ಪರದೆಯನ್ನು ತಿರುಗಿಸಿ ಬೆನ್ನಿನ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದ. 'ಚುಮ್ಮಾರೇಟ್ಟನ ವಾಪಸ್ಸು, ಒಂದನೇದು' ಎಂದು ಬರೆದಿತ್ತು.

ಇಂದುಜಾಳ ಆಲ್ಬಮನ್ನು ಅವನು ಮೊದಲಿನಿಂದ ಮಾಡಿದ. ಸೀರೆ ಕೋರಾ ಆಯಿತು, ಅಂಚು ಚಿನ್ನವಾಯಿತು, ಹುಡುಗಿ ಈಜುಕೊಳದಿಂದ ಮೇಲೆದ್ದು ಮಂಟಪಕ್ಕೆ ಬಂದಳು. ಷಿಜಿ ಪುಟ ತಿರುಗಿಸಿ ನೋಡಿ, ಮುಂದಿನ ಮೂರು ಮದುವೆಗಳ ಫೋಟೋಗಳನ್ನು ಮೇಜಿನ ಮೇಲಿಟ್ಟು ಹೋದಳು. ಚುಮ್ಮಾರನಿಗೆ ಬೇಕಾಗಿದ್ದದ್ದು ಅಷ್ಟೇ.

ಆದರೆ ಅಜ್ಜಿಗೆ ಎಂಬತ್ತನಾಲ್ಕು ತುಂಬಿದ ಮರುದಿನ ಷಿಜಿ ಮತ್ತೆ ಬಂದಳು. ಕೈಯಲ್ಲಿ ಪಾಯಸದ ಡಬ್ಬ, ಮುಖ ಮಾತ್ರ ಸಪ್ಪಗೆ.

"ಎಲ್ರಿಗೂ ಹಿಡಿಸ್ತು. ಕಾರ್ತ್ಯಾಯನಿ ಅಮ್ಮನಿಗೆ ಹಿಡಿಸ್ಲಿಲ್ಲ."

"ಅಜ್ಜಿಗಾ? ಏನಂದ್ರು?"

"ಇದು ನನ್ನ ಸೀರೆ ಅಲ್ಲ, ಹಳದಿ ಮಾಡಿಟ್ಟಿದೀರಿ, ಮೊದಲು ತಂದಿದ್ರಲ್ಲ ಅದು ನಂದು ಅಂದ್ರು. ಮನೆಯವರೆಲ್ಲ ನಕ್ರು. ಅವರು ಆಲ್ಬಮ್ ಮುಚ್ಚಿ ಪಕ್ಕಕ್ಕಿಟ್ಟೋರು ಮತ್ತೆ ಮುಟ್ಟಲೇ ಇಲ್ಲ. ಸಾವಿರ ಹುಣ್ಣಿಮೆ ಕಂಡೋರು, ನಿನ್ನೆ ಮುಖ ತಿರುಗಿಸ್ಕೊಂಡು ಕೂತಿದ್ರು ಚುಮ್ಮಾರೇಟ್ಟಾ."

ಚುಮ್ಮಾರ್ ಪಾಯಸದ ಡಬ್ಬವನ್ನು ಕೆಳಗಿಟ್ಟ. "ಅವರಿಗೆ ಪೊರೆ ಇದೆಯಾ?"

"ಎರಡು ಕಣ್ಣಿಗೂ. ಎಷ್ಟು ಹೇಳಿದ್ರೂ ಕತ್ತರಿ ಹಾಕಿಸ್ಕೊಳ್ಳಲ್ಲ, ಇದ್ದಷ್ಟರಲ್ಲಿ ಕಂಡಷ್ಟು ಸಾಕು ಅಂತಾರೆ."

ಅವಳು ಹೋದ ಕೂಡಲೇ ಅವನು ಎಲ್ಸಿಯನ್ನು ಕರೆದ. ಎಡಗಣ್ಣಿಗೆ ಮುಂದಿನ ಗುರುವಾರ ದಿನ ಗೊತ್ತಾಗಿತ್ತು.

"ಗುರುವಾರ ಬೇಡ. ಒಂದು ವಾರ ಮುಂದಕ್ಕೆ ಹಾಕ್ಸು."

"ಯಾಕೆ, ಮತ್ತೆ ಹೆದ್ರಿಕೆನಾ?"

"ಅಲ್ಲ. ಎಡಗಣ್ಣಿಗೆ ಒಂದು ಕೆಲಸ ಬಂದಿದೆ."

ಆಸ್ಪತ್ರೆಯಲ್ಲಿ ಕೊಟ್ಟಿದ್ದ ಪ್ಲಾಸ್ಟಿಕ್ ಕಣ್ಣುಮುಚ್ಚಳಕ್ಕೆ ಒಂದು ಕರಿ ಬಟ್ಟೆ ಅಂಟಿಸಿ ಅದನ್ನು ಬಲಗಣ್ಣಿನ ಮೇಲೆ ಕಟ್ಟಿಕೊಂಡ. ಹೊಸ ಮಾನಿಟರ್ ಕೂಡಲೇ ಹಳದಿಯಾಯಿತು. ಅವನು ಆಲ್ಬಮಿನ ಮೊದಲ ಪುಟ ತೆರೆದು, ಕಾರ್ತ್ಯಾಯನಿ ಅಮ್ಮನ ಸೀರೆಗೆ ತೊಟ್ಟುತೊಟ್ಟಾಗಿ ನೀಲಿ ಬೆರೆಸುತ್ತ ಬಂದ. ಎಡಗಣ್ಣಿಗೆ ಅದು ಕೆನೆಯ ಬಣ್ಣಕ್ಕೆ ಬಂದು ನಿಂತಾಗ ನಿಲ್ಲಿಸಿದ. ಎಲ್ಲ ಪುಟಗಳಿಗೂ ಹೀಗೆ ಮಾಡಿ ಮುಗಿಸಲು ನಾಲ್ಕು ದಿನ ಹಿಡಿಯಿತು. ಕಾಫಿ ತಂದ ಎಲ್ಸಿ ಪರದೆ ನೋಡಿ "ಅಯ್ಯೋ ದೇವರೇ, ಮತ್ತೆ ಶುರುವಾಯ್ತಾ!" ಎಂದಳು. ವಿಷಯ ತಿಳಿದಮೇಲೆ ಲೋಟ ಇಟ್ಟು ಅಲ್ಲೇ ಪಕ್ಕದಲ್ಲಿ ಕೂತಳು.

ಆಲ್ಬಮನ್ನು ಅವನೇ ತೆಗೆದುಕೊಂಡು ಹೋದ. ಕಾರ್ತ್ಯಾಯನಿ ಅಮ್ಮ ಜಗಲಿಯ ಬೆಳಕಿನಲ್ಲಿ ಕೂತು, ಪುಟವನ್ನು ಮೂಗಿನ ಹತ್ತಿರ ತಂದು, ಬೆರಳಿನಿಂದ ಸೀರೆಯ ಅಂಚನ್ನು ಸವರಿದರು. ಸವರುತ್ತ ಸವರುತ್ತ ಅವರ ಮುಖ ಅರಳಿತು.

"ಇದು. ಇದು ನಂದು. ಅವರು ನನ್ನ ಕೈಗಿಟ್ಟ ದಿನ ಹೀಗೇ ಇತ್ತು. ಆ ಹುಡುಗರಿಗೆ ಏನು ಗೊತ್ತು? ಅರವತ್ತಾರು ವರ್ಷ ಒಂದು ತೊಟ್ಟು ನೀಲಿ ಸೋಕಿಸಿಲ್ಲ ನಾನು. ನೀವೇ ಹೇಳಿ, ಇದರಲ್ಲಿ ನೀಲಿ ಇದೆಯಾ?"

ಚುಮ್ಮಾರ್ ಬಲಗಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು ಫೋಟೋ ನೋಡಿದ.

"ಇಲ್ಲಮ್ಮ, ಒಂದು ತೊಟ್ಟೂ ಇಲ್ಲ" ಅಂದ.